ಎಳೆದಷ್ಟೂ ಬಿಗಿ

ಹಳೆಯ ಪಂಚೆಯನ್ನೋ ಮಾಸಿದ ಬೆಡ್‌ಶೀಟನ್ನೋ ಕತ್ತರಿಸಿ, ಇಬ್ಬದಿ ಹೊಲಿದು, ಬಾಯಿಯ ಅಂಚನ್ನು ಮಡಿಚಿ, ಆ ಮಡಿಕೆಯೊಳಗೆ ಲಾಡಿ ತೂರಿಸಿದರೆ ಒಗೆಯುವ ಬಟ್ಟೆ ತುಂಬಿಡುವ ಚೀಲ ಸಿದ್ಧ. ಬಚ್ಚಲುಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರೆ ನಾಲ್ಕೈದು ಕಿಲೋ ಬಟ್ಟೆ ಹೊತ್ತು ವರ್ಷಗಟ್ಟಲೆ ಬಾಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆ ಚೀಲವನ್ನು ಒಂದಾಗಿ ಹಿಡಿದಿಟ್ಟಿರುವುದು ಏನು ಎಂದು ಕೇಳಿದರೆ ಉತ್ತರ ಹೇಳಲು ತಡವರಿಸುತ್ತೇವೆ. ಹೊಲಿಗೆ ಎನ್ನಬಹುದು. ಹೊಲಿಗೆಯನ್ನು ಹಿಡಿದಿರುವುದು ದಾರ. ಹಾಗಾದರೆ ದಾರವನ್ನು ಹಿಡಿದಿರುವುದು ಏನು? ಹತ್ತಿಯ ದಾರವನ್ನು ಬಿಡಿಸುತ್ತ ಹೋದರೆ ಕೊನೆಗೆ ಸಿಗುವುದು ಎರಡೂವರೆ, ಮೂರು ಸೆಂಟಿಮೀಟರ್ ಉದ್ದದ, ತಲೆಗೂದಲಿಗಿಂತ ತೆಳುವಾದ ಎಳೆಗಳು. ಒಂದು ಎಳೆ ಇನ್ನೊಂದಕ್ಕೆ ಎಲ್ಲಿಯೂ ಅಂಟಿಕೊಂಡಿಲ್ಲ, ಗಂಟು ಬಿದ್ದಿಲ್ಲ. ಎರಡು ಮೀಟರ್ ಉದ್ದದ ಲಾಡಿಯಲ್ಲಿ ಈ ಕೊನೆಯಿಂದ ಆ ಕೊನೆಗೆ ಮುಟ್ಟುವ ಎಳೆ ಒಂದೂ ಇಲ್ಲ. ಆದರೂ ಲಾಡಿಯನ್ನು ಎಳೆದರೆ ಅದು ಬಿಚ್ಚಿಕೊಂಡು ಕೈಗೆ ಬರುವುದಿಲ್ಲ. ವಿಪರೀತ ಎಳೆದರೆ ಹರಿಯುತ್ತದೆ. ಬಿಡಿ ಎಳೆಗಳ ಗುಂಪೊಂದು ಬಿಚ್ಚುವ ಬದಲು ಹರಿಯುವುದೇಕೆ ಎಂಬುದೇ ಒಗಟು.

ಎಳೆಯಿಂದ ಹಿಡಿದು ಮೇಲಿನ ಕಸೂತಿಯವರೆಗೆ ಈ ಚೀಲದ ಪ್ರತಿಯೊಂದು ಹಂತವನ್ನೂ ಹಿಡಿದಿರುವುದು ಒಂದೇ ಬಲ: ಎಳೆದಷ್ಟೂ ಹೆಚ್ಚುವ ಘರ್ಷಣೆ. ಚೀಲದಲ್ಲಿ ಒಂದೇ ಒಂದು ಜಾಗದಲ್ಲಿ, ಲಾಡಿ ಓಡಾಡುವ ಮಡಿಕೆಯಲ್ಲಿ, ಈ ಘರ್ಷಣೆ ನಮಗೆ ಅಡ್ಡಿಯಾಗುತ್ತದೆ. ಉಳಿದೆಡೆ ಅದನ್ನು ಹೆಚ್ಚಿಸುವುದು, ಅಲ್ಲೊಂದೆಡೆ ಅದನ್ನು ಹದದಲ್ಲಿಡುವುದು ಚೀಲ ಹೊಲಿಯುವವರ ಕೆಲಸ. ಹೊಲಿಗೆಯವರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಸಣ್ಣಪುಟ್ಟ ಕಟ್ಟಳೆಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಬಹುಪಾಲು ಇದರ ಲೆಕ್ಕಾಚಾರವೇ ಆಗಿರುತ್ತವೆ.

ಗೆಲಿಲಿಯೊ ಕೇಳಿದ ಪ್ರಶ್ನೆ

ಗೃಹಬಂಧನದಲ್ಲಿದ್ದ ಮುದಿ ಗೆಲಿಲಿಯೊ ಬರೆದ ‘ಎರಡು ಹೊಸ ವಿಜ್ಞಾನಗಳು’ ಪುಸ್ತಕ 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾಯಿತು. ವಸ್ತುಗಳು ಎಷ್ಟು ಭಾರಕ್ಕೆ ಮುರಿಯುತ್ತವೆ ಎಂಬ ಚರ್ಚೆಯಿಂದ ಅದು ಶುರುವಾಗುತ್ತದೆ. ಆ ಚರ್ಚೆಯ ಆರಂಭದಲ್ಲೇ ಹಗ್ಗದ ಪ್ರಶ್ನೆ ಬರುತ್ತದೆ. ಎರಡು ಮೂರು ಮೊಳದ ನಾರುಗಳಿಂದ ಹೊಸೆದ ನೂರು ಮೊಳದ ಹಗ್ಗ ಅಷ್ಟು ಗಟ್ಟಿಯಾಗಿರುವುದು ಹೇಗೆ? ಮರದ ದಿಮ್ಮಿಯ ನಾರುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹಗ್ಗದ ನಾರುಗಳಿಗೆ ಅದೂ ಇಲ್ಲ. ಗೆಲಿಲಿಯೊ ಕೊಟ್ಟ ಉತ್ತರ ಇಂದಿಗೂ ಸರಿಯಾದದ್ದು: ಹುರಿ ಮಾಡಿದಾಗ ನಾರುಗಳು ಒಂದನ್ನೊಂದು ಸುತ್ತಿಕೊಳ್ಳುತ್ತವೆ, ಹಗ್ಗವನ್ನು ಎಳೆದಾಗ ಆ ಸುತ್ತು ಬಿಗಿಯಾಗಿ ನಾರುಗಳು ಒಂದನ್ನೊಂದು ಅಮುಕುತ್ತವೆ, ಹಾಗೆ ಅಮುಕಿದ ನಾರು ಜಾರಿಕೊಳ್ಳುವುದಕ್ಕಿಂತ ಮೊದಲು ತುಂಡಾಗುತ್ತದೆ. ಅಲ್ಲಿಗೇ ನಿಲ್ಲದೆ ಅವನು ಇದೇ ಬಲದ ಇನ್ನೊಂದು ಉಪಯೋಗವನ್ನೂ ಹೇಳುತ್ತಾನೆ. ತಿರುಪಿನ ತೋಡಿರುವ ಒಂದು ಕೊರಡಿಗೆ ಹಗ್ಗ ಸುತ್ತಿ, ಮೇಲೊಂದು ಕೊಳವೆ ಹೊದಿಸಿ, ಅದನ್ನು ಹಿಡಿದುಕೊಂಡು ಎತ್ತರದ ಕಿಟಕಿಯಿಂದ ಅಂಗೈ ಸುಲಿಯದಂತೆ ಕೆಳಗಿಳಿಯುವ ಸಾಧನ ಅದು. ಹಗ್ಗದೊಳಗಿನ ನಾರಿನ ಹಿಡಿತವನ್ನೂ ಕೊರಡಿಗೆ ಸುತ್ತಿದ ಹಗ್ಗದ ಹಿಡಿತವನ್ನೂ ಅವನು ಒಟ್ಟಿಗೆ ಇಟ್ಟಿದ್ದು ಸುಮ್ಮನೆ ಅಲ್ಲ. ಎರಡರ ಹಿಂದಿನ ಕಾರಣ ಒಂದೇ.

ಕಂಬಕ್ಕೆ ಸುತ್ತಿದ ಹಗ್ಗ

ಬೆದರಿದ ಎತ್ತನ್ನು ಹಿಡಿಯುವ ರೈತನ ಕೈಯನ್ನು ನೆನಪು ಮಾಡಿಕೊಳ್ಳಿ. ಅವನು ಹಗ್ಗ ಹಿಡಿದು ಎತ್ತಿನ ಜೊತೆ ಜಗ್ಗಾಟಕ್ಕೆ ನಿಲ್ಲುವುದಿಲ್ಲ. ಹತ್ತಿರದ ಕಂಬಕ್ಕೋ ಮರಕ್ಕೋ ಹಗ್ಗವನ್ನು ಎರಡು ಸುತ್ತು ಹಾಕಿ ತುದಿಯನ್ನು ಸಡಿಲವಾಗಿ ಹಿಡಿದು ನಿಲ್ಲುತ್ತಾನೆ. ಎತ್ತು ಜಗ್ಗಿದಷ್ಟೂ ಹಗ್ಗ ಕಂಬವನ್ನು ಒತ್ತುತ್ತದೆ, ಒತ್ತಿದಷ್ಟೂ ಜಾರುವುದು ಕಷ್ಟವಾಗುತ್ತದೆ. ಒತ್ತಡ ಹೆಚ್ಚಿದಂತೆ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಗಿಯೋಮ್ ಅಮೊಂಟೋನ್ 1699ರಲ್ಲಿ ಮಂಡಿಸಿದ್ದ. ಸುತ್ತಿದ ಹಗ್ಗದ ವಿಷಯಕ್ಕೆ ಬಂದಾಗ ಈ ಸರಳ ನಿಯಮ ಬೇರೆಯೇ ರೂಪ ತಾಳುತ್ತದೆ ಎಂಬುದನ್ನು 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಲೆಕ್ಕಹಾಕಿ ತೋರಿಸಿದ. ಹಗ್ಗ ಕಂಬವನ್ನು ಬಳಸುವ ಪ್ರತಿ ಹೆಜ್ಜೆಯಲ್ಲೂ ಎಳೆತದ ಒಂದಿಷ್ಟು ಪಾಲನ್ನು ಕಂಬವೇ ಹೊರುತ್ತದೆ, ಮುಂದಿನ ಹೆಜ್ಜೆಗೆ ಹೋಗುವುದು ಉಳಿದ ಪಾಲು ಮಾತ್ರ. ಹೀಗಾಗಿ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಒತ್ತಡಕ್ಕೆ ಹೋಲಿಸಿದರೆ ಘರ್ಷಣೆಯ ಪ್ರಮಾಣ 0.3 ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಹಿಡಿತ ಸುಮಾರು 6.6 ಪಟ್ಟಾಗುತ್ತದೆ. ಎರಡು ಸುತ್ತಿಗೆ ಅದರ ಇಮ್ಮಡಿ ಆಗಬೇಕಲ್ಲ ಎನಿಸುತ್ತದೆ, ಆಗುವುದು 43 ಪಟ್ಟು. ಮೂರು ಸುತ್ತಿಗೆ 286 ಪಟ್ಟು. ಎಂಜಿನಿಯರುಗಳು ಇದನ್ನು ಕ್ಯಾಪ್‌ಸ್ಟನ್ ಪರಿಣಾಮ ಎನ್ನುತ್ತಾರೆ. ಇಲ್ಲಿ ಅದನ್ನು ‘ಸುತ್ತುಹಿಡಿತ’ ಎಂದು ಕರೆಯೋಣ.

ಸುತ್ತುಹಿಡಿತದ ಇನ್ನೊಂದು ಗುಣ ನಮ್ಮ ಚೀಲಕ್ಕೆ ಬಹಳ ಮುಖ್ಯ. ಕಂಬ ದಪ್ಪವೋ ತೆಳುವೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಹಗ್ಗ ಒಟ್ಟು ಎಷ್ಟು ತಿರುಗಿತು ಎಂಬುದಷ್ಟೇ ಲೆಕ್ಕ. ಹಾಗಾಗಿ ಆಳೆತ್ತರದ ಕಂಬವನ್ನು ಬಳಸಿದ ಮಿಣಿ ಹಗ್ಗಕ್ಕೂ ಕೂದಲಿಗಿಂತ ತೆಳುವಾದ ಎಳೆಯನ್ನು ಬಳಸಿದ ಇನ್ನೊಂದು ಎಳೆಗೂ ಒಂದೇ ನಿಯಮ ಅನ್ವಯಿಸುತ್ತದೆ.

ಹುರಿ ಬಿಚ್ಚಿದರೆ ಏನಾಗುತ್ತದೆ

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬೇರೆ ನೂಲಿನೊಂದಿಗೆ ಹೊಸೆಯದ ಒಂಟಿ ಹತ್ತಿ ನೂಲನ್ನು, ಕಂಬಳಿ ಹೆಣೆಯುವಂಥ ದಪ್ಪ ನೂಲಾದರೆ ಇನ್ನೂ ಒಳ್ಳೆಯದು, ಎರಡು ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹತ್ತಾರು ಸೆಂಟಿಮೀಟರ್ ಅಂತರದಲ್ಲಿ ಹಿಡಿದು ಎಳೆಯಿರಿ. ಟಪ್ಪೆಂದು ತುಂಡಾಗುತ್ತದೆ. ಈಗ ಅದೇ ನೂಲಿನ ಇನ್ನೊಂದು ತುಂಡು ತೆಗೆದುಕೊಂಡು ಹುರಿ ಇರುವ ದಿಕ್ಕಿಗೆ ಎದುರಾಗಿ ತಿರುಗಿಸುತ್ತ ಹೋಗಿ. ಒಂದು ಹಂತದಲ್ಲಿ ನೂಲು ಉಬ್ಬಿ, ಎಳೆಗಳು ಒಂದರ ಪಕ್ಕ ಒಂದು ನೇರವಾಗಿ ಮಲಗಿದ್ದು ಕಣ್ಣಿಗೇ ಕಾಣುತ್ತದೆ. ಆಗ ಎಳೆದರೆ ಯಾವ ಸದ್ದೂ ಇಲ್ಲದೆ ಎರಡಾಗಿ ಕೈಗೆ ಬರುತ್ತದೆ, ತುದಿಗಳಲ್ಲಿ ನವಿರಾದ ಕುಂಚಗಳು ಉಳಿಯುತ್ತವೆ. ಒಂದು ಎಳೆಯೂ ಮುರಿದಿರುವುದಿಲ್ಲ, ಎಲ್ಲವೂ ಜಾರಿರುತ್ತವೆ. ಹತ್ತಿ ಅದೇ, ಎಳೆಗಳ ಸಂಖ್ಯೆಯೂ ಅದೇ. ಬದಲಾದದ್ದು ಹುರಿ ಒಂದೇ.

ಹುರಿ ಮಾಡುವ ಕೆಲಸ ಎಳೆತವನ್ನು ಹಿಂಡುವಿಕೆಯಾಗಿ ಮಾರ್ಪಡಿಸುವುದು. ಸುರುಳಿಯಾಗಿ ಸುತ್ತಿಕೊಂಡ ಎಳೆಯನ್ನು ಉದ್ದಕ್ಕೆ ಎಳೆದರೆ ಅದು ನೇರವಾಗಲು ನೋಡುತ್ತದೆ, ನಡುವಿರುವ ಎಳೆಗಳು ಅದಕ್ಕೆ ಅಡ್ಡ ಬರುತ್ತವೆ, ಅವುಗಳ ಮೇಲೆ ಒತ್ತಡ ಬೀಳುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ರೇಮಂಡ್ ಗೋಲ್ಡ್‌ಸ್ಟೀನ್, ಅವರ ಸಂಗಡಿಗರಾದ ಪ್ಯಾಟ್ರಿಕ್ ವಾರನ್ ಮತ್ತು ರಾಬಿನ್ ಬಾಲ್ 2018ರಲ್ಲಿ ಈ ಹಳೆಯ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಘರ್ಷಣೆಯ ಹಿಡಿತ ಒಂದು ಹೊಸ್ತಿಲು ದಾಟುವವರೆಗೆ ನೂಲು ಬಿಚ್ಚಿಕೊಳ್ಳುತ್ತದೆ, ದಾಟಿದೊಡನೆ ಎಳೆತ ಎಳೆಯಿಂದ ಎಳೆಗೆ ನಿರಂತರವಾಗಿ ದಾಟತೊಡಗುತ್ತದೆ ಎಂಬುದು ಅವರ ಲೆಕ್ಕದ ಸಾರ. ಬೆರಳ ನಡುವೆ ಹುರಿ ಬಿಚ್ಚುವಾಗ ನೂಲು ಇದ್ದಕ್ಕಿದ್ದಂತೆ ಕೈಬಿಡುವುದು ಆ ಹೊಸ್ತಿಲಿನಲ್ಲೇ. ಹಾಗೆಂದು ಹುರಿ ಹೆಚ್ಚಿದಷ್ಟೂ ನೂಲು ಗಟ್ಟಿ ಎಂದು ತಿಳಿಯಬಾರದು. ಮಿತಿಮೀರಿದರೆ ಎಳೆಗಳು ಓರೆಯಾಗಿ ಕುಳಿತು ತಮ್ಮ ಬಲದ ಒಂದಂಶವನ್ನು ಮಾತ್ರ ಉದ್ದಕ್ಕೆ ಕೊಡುತ್ತವೆ, ನೂಲು ಸಿಕ್ಕಾಗಿ ಸುತ್ತಿಕೊಳ್ಳುತ್ತದೆ. ನೂಲುವವರು ಕಾಯುವ ಹದ ಈ ಎರಡರ ನಡುವಿನದು. ಎಳೆ ಉದ್ದವಿದ್ದಷ್ಟೂ ಕಡಿಮೆ ಹುರಿಯಲ್ಲೇ ಕೆಲಸವಾಗುತ್ತದೆ, ನೂಲನ್ನು ಸಣ್ಣಗೆ ತೆಗೆಯಬಹುದು. ಧಾರವಾಡದಲ್ಲಿ ಅಭಿವೃದ್ಧಿಪಡಿಸಿದ ಡಿಸಿಎಚ್-32ರಂಥ ಉದ್ದ ಎಳೆಯ ಹತ್ತಿಗೆ ನವಿರು ಬಟ್ಟೆಯ ಗಿರಣಿಗಳಲ್ಲಿ ಬೆಲೆ ಬಂದದ್ದು ಇದೇ ಕಾರಣಕ್ಕೆ. ಚೀಲಕ್ಕೆ ಅಂಥ ನವಿರು ನೂಲು ಬೇಕಿಲ್ಲ, ಗಿಡ್ಡ ಎಳೆಯ ಒರಟು ನೂಲೇ ಸಾಕು.

ಅಂಚು ಏಕೆ ಬಿಚ್ಚುತ್ತದೆ

ನೂಲು ಬಟ್ಟೆಯಾದ ಮೇಲೂ ಕಥೆ ಅದೇ. ಹಾಸಿನ ನೂಲುಗಳ ಮೇಲೊಮ್ಮೆ ಕೆಳಗೊಮ್ಮೆ ಹೊಕ್ಕಿನ ನೂಲು ಹಾದುಹೋಗುತ್ತದೆ, ಪ್ರತಿ ದಾಟಿನಲ್ಲೂ ಒಂದಿಷ್ಟು ಬಾಗುತ್ತದೆ. ಬಾಗು ಚಿಕ್ಕದಾದರೂ ದಾಟುಗಳು ಲೆಕ್ಕವಿಲ್ಲದಷ್ಟು. ಪಂಚೆಯ ನಡುವಿನಿಂದ ಒಂದು ನೂಲನ್ನು ಹಿರಿಯಲು ಹೊರಟರೆ ನೂಲು ತುಂಡಾಗುತ್ತದೆಯೇ ಹೊರತು ಬರುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಅಂಚಿಗೆ ಸಮಾನಾಂತರವಾಗಿರುವ ಕೊನೆಯ ನೂಲಿನ ಹೊರಬದಿಯಲ್ಲಿ ಅದನ್ನು ಒತ್ತಿ ಹಿಡಿಯುವ ಇನ್ನೊಂದು ನೂಲಿಲ್ಲ. ಅದು ಬಿದ್ದುಹೋದರೆ ಮುಂದಿನದರ ಸರದಿ. ಅಂಚಿಗೆ ಅಡ್ಡವಾಗಿರುವ ನೂಲುಗಳ ತುದಿಯನ್ನು ಹಿಡಿದ ದಾಟುಗಳು ಹೀಗೆ ಒಂದೊಂದೇ ಕಡಿಮೆಯಾಗುತ್ತವೆ. ನೇಯುವಾಗ ಹೊಕ್ಕಿನ ನೂಲು ತಾನೇ ತಿರುಗಿ ಬಂದು ಕಟ್ಟಿದ ಅಂಚು ಬಿಚ್ಚುವುದಿಲ್ಲ, ಯಾಕೆಂದರೆ ಅಲ್ಲಿ ತುದಿಯೇ ಇಲ್ಲ. ಚೀಲಕ್ಕೆ ಬಟ್ಟೆ ಕತ್ತರಿಸುವಾಗ ಈ ನೇಯ್ದ ಅಂಚು ಬಾಯಿಯ ಕಡೆಗೆ ಬರುವಂತೆ ಇಟ್ಟರೆ ಅರ್ಧ ಕೆಲಸ ಉಳಿಯುತ್ತದೆ. ಉಳಿದ ಅಂಚುಗಳನ್ನು ಎರಡು ಸಲ ಮಡಿಚಿ ಹೊಲಿಯುವುದು ನೋಟಕ್ಕಷ್ಟೇ ಅಲ್ಲ. ಒಗೆತದಲ್ಲಿ ಉಜ್ಜಾಟಕ್ಕೆ ಸಿಗುವ ತುದಿಗಳನ್ನು ಒಳಗೆ ಅಡಗಿಸಿ ಅವುಗಳ ಮೇಲೆ ಹೊಸ ಒತ್ತಡ ಹೇರುವ ಉಪಾಯ ಅದು.

ಅಕ್ಕಿ ಮೂಟೆಯ ದಾರ, ಹೊಲಿಗೆ ಯಂತ್ರದ ದಾರ

ಅಕ್ಕಿ ಮೂಟೆ ಬಿಚ್ಚುವವರಿಗೆ ಒಂದು ಗುಟ್ಟು ಗೊತ್ತು. ಸರಿಯಾದ ತುದಿ ಹುಡುಕಿ ಎಳೆದರೆ ಬಾಯಿಯ ಹೊಲಿಗೆ ಸರ್ರನೆ ಪೂರ್ತಿ ಬಿಚ್ಚುತ್ತದೆ, ಎದುರು ತುದಿಯಿಂದ ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಮೂಟೆಯದು ಸರಪಳಿ ಹೊಲಿಗೆ. ಅಲ್ಲಿ ಪ್ರತಿ ಕುಣಿಕೆಯನ್ನೂ ಹಿಡಿದಿರುವುದು ಅದರೊಳಗೆ ತೂರಿ ಬಂದ ಮುಂದಿನ ಕುಣಿಕೆ. ಹೊಲಿಗೆ ಮುಗಿದ ಕಡೆಯ ಕುಣಿಕೆಯನ್ನು ಹಿಡಿಯುವವರು ಯಾರೂ ಇಲ್ಲ. ಅದನ್ನು ಎಳೆದರೆ ಅದು ಹಿಂದಿನದರಿಂದ ಜಾರುತ್ತದೆ, ಈಗ ಆ ಹಿಂದಿನದು ಅನಾಥ, ಹೀಗೆ ಸಾಲುಸಾಲಾಗಿ. ಶುರುವಾದ ತುದಿಯಿಂದ ಎಳೆದಾಗ ಕುಣಿಕೆ ತನ್ನೊಳಗಿನ ಕುಣಿಕೆಯನ್ನು ಬಿಗಿಯುತ್ತದೆ, ಸುತ್ತುಹಿಡಿತ ಎದುರು ನಿಲ್ಲುತ್ತದೆ. ಒಂದೇ ದಾರ, ಒಂದೇ ಹೊಲಿಗೆ, ಒಂದು ದಿಕ್ಕಿನಲ್ಲಿ ಸುತ್ತು ಉಳಿಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಸುತ್ತೇ ಕಳಚುತ್ತದೆ. ಮೂಟೆಗೆ ಇದು ಅನುಕೂಲ, ಒಗೆಯುವ ಬಟ್ಟೆಯ ಚೀಲಕ್ಕೆ ಅಪಾಯ.

ಮನೆಯ ಹೊಲಿಗೆ ಯಂತ್ರ ಹಾಕುವುದು ಬೇರೆ ಬಗೆಯ ಹೊಲಿಗೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಿಂದ ಇಂದಿನವರೆಗೂ ಅದರ ತತ್ವ ಬದಲಾಗಿಲ್ಲ: ಮೇಲಿನ ದಾರ, ಬಾಬಿನ್‌ನ ಕೆಳದಾರ, ಎರಡೂ ಬಟ್ಟೆಯ ದಪ್ಪದ ನಡುವೆ ಒಂದನ್ನೊಂದು ಬಳಸಿ ಹಿಂದಿರುಗುತ್ತವೆ. ಪ್ರತಿ ಹೊಲಿಗೆಯಲ್ಲೂ ಅರ್ಧ ಸುತ್ತು ಸಿಗುತ್ತದೆ. ಯಾವ ತುದಿಯಿಂದ ಎಳೆದರೂ ನಾಲ್ಕಾರು ಹೊಲಿಗೆ ದಾಟುವಷ್ಟರಲ್ಲಿ ಎಳೆತ ಕರಗಿಹೋಗುತ್ತದೆ. ಇದಕ್ಕೆ ಸಾಕ್ಷಿ ಬೇಕಿದ್ದರೆ ಟೆನ್ಶನ್ ಕೆಟ್ಟ ಯಂತ್ರದ ಹೊಲಿಗೆ ನೋಡಿ. ಮೇಲಿನ ದಾರ ಸಡಿಲವಾದಾಗ ಅದು ಕೆಳಗಡೆಗೆ ಜಗ್ಗಿ ಬಂದು ಗುಂಗುರಾಗುತ್ತದೆ, ಕೆಳದಾರ ಎಲ್ಲಿಯೂ ಬಾಗದೆ ನೆಟ್ಟಗೆ ಮಲಗುತ್ತದೆ. ಆ ನೆಟ್ಟಗಿನ ದಾರವನ್ನು ಚಿವುಟಿ ಎಳೆದರೆ ಮೊಳದುದ್ದ ಹಾಗೇ ಹೊರಬರುತ್ತದೆ. ದಾರ ಸವೆದಿಲ್ಲ, ಹೊಲಿಗೆ ಕಡಿಮೆಯಾಗಿಲ್ಲ, ಬಾಗು ಮಾತ್ರ ಇಲ್ಲ. ಬಾಗಿಲ್ಲದಲ್ಲಿ ಹಿಡಿತವಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಸಿಗುವುದು ಕಷ್ಟ. ಹೊಲಿಗೆ ಶುರುವಿನಲ್ಲೂ ಕೊನೆಯಲ್ಲೂ ಯಂತ್ರವನ್ನು ಹಿಂದಕ್ಕೆ ಓಡಿಸಿ ಮೂರು ನಾಲ್ಕು ಹೊಲಿಗೆ ಹಾಕುವ ರೂಢಿಯೂ ಇಲ್ಲಿಂದಲೇ ಬಂದದ್ದು. ಎಳೆತ ಗುಣಿಸಿ ಕರಗಲು ಕೆಲವು ಹೊಲಿಗೆಗಳ ಉದ್ದ ಬೇಕು, ತುದಿಯಲ್ಲಿ ಆ ಉದ್ದ ಇರುವುದಿಲ್ಲ, ಅದನ್ನು ಅಲ್ಲಲ್ಲೇ ಇಮ್ಮಡಿ ಮಾಡುತ್ತೇವೆ.

ಜಾರಲೇಬೇಕಾದ ಒಂದು ಜಾಗ

ಈಗ ಲಾಡಿಯ ಮಡಿಕೆಗೆ ಬರೋಣ. ದಾರ ಎಳೆದು ಬಾಯಿ ಮುಚ್ಚುವ ಚೀಲ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಿರಿಯರ ಎಲೆಅಡಿಕೆ ಚಂಚಿ ಇದೇ ಜಾತಿಯದು. ಇಂಥ ಚೀಲದಲ್ಲಿ ಎಲ್ಲರೂ ಗಮನಿಸಿರುವ ಒಂದು ತೊಡಕಿದೆ. ಒಂದೇ ಲಾಡಿ ಹಾಕಿ, ಎರಡೂ ತುದಿಗಳನ್ನು ಒಂದೇ ತೂತಿನಿಂದ ಹೊರತೆಗೆದು ಎಳೆದರೆ, ತೂತಿನ ಹತ್ತಿರದ ಬಟ್ಟೆ ಬೇಗ ನೆರಿಗೆಗಟ್ಟಿ ಗುಂಪಾಗುತ್ತದೆ, ಎದುರು ಬದಿಯ ಬಾಯಿ ತೆರೆದೇ ಇರುತ್ತದೆ. ಕೈಯಿಂದ ನೆರಿಗೆಗಳನ್ನು ಸರಿಸಿ ಸರಿಸಿ ಮುಚ್ಚಬೇಕಾಗುತ್ತದೆ. ಬಟ್ಟೆ ಒರಟು ಎಂದೋ ಲಾಡಿ ದಪ್ಪ ಎಂದೋ ದೂರುತ್ತೇವೆ. ಅವೂ ಕಾರಣ ಹೌದು, ಆದರೆ ಮೂಲ ಬೇರೆಡೆ ಇದೆ. ಲಾಡಿ ಚೀಲದ ಬಾಯಿಯನ್ನು ಒಂದು ಪೂರ್ತಿ ಸುತ್ತು ಬಳಸಿದೆ. ಬಾಯಿ ದೊಡ್ಡದಿರಲಿ, ಅರ್ಧ ಮುಚ್ಚಿರಲಿ, ತಿರುಗುವ ಕೋನ ಒಂದೇ. ತೂತಿನಲ್ಲಿ ನಾವು ಕೊಟ್ಟ ಎಳೆತ ಎದುರು ಬದಿಗೆ ಮುಟ್ಟಬೇಕಾದರೆ ಅರ್ಧ ಸುತ್ತು ದಾಟಬೇಕು. ಘರ್ಷಣೆಯ ಪ್ರಮಾಣ ಅದೇ 0.3 ಎಂದುಕೊಂಡರೆ, ಅಲ್ಲಿಗೆ ಮುಟ್ಟುವುದು ನೂರರಲ್ಲಿ 39 ಪಾಲು. ಮುಟ್ಟದ ಬಲದಿಂದ ನೆರಿಗೆ ಬೀಳುವುದಿಲ್ಲ.

ಪರಿಹಾರ ಎಂದರೆ ಎರಡು ಲಾಡಿ. ಎರಡೂ ಪೂರ್ತಿ ಸುತ್ತು ಹೋಗುತ್ತವೆ. ಒಂದರ ತುದಿಗಳು ಎಡಬದಿಯ ತೂತಿನಿಂದ, ಇನ್ನೊಂದರ ತುದಿಗಳು ಬಲಬದಿಯ ತೂತಿನಿಂದ ಹೊರಬರುತ್ತವೆ. ಎರಡು ಕೈಯಿಂದ ಎರಡು ಕಡೆಗೆ ಎಳೆದಾಗ ಎಡಬದಿಯ ಬಟ್ಟೆಗೆ ತನ್ನ ಲಾಡಿಯಿಂದ 100, ಎದುರಿನದರಿಂದ 39, ಒಟ್ಟು 139 ಪಾಲು ಸಿಗುತ್ತದೆ. ಬಲಬದಿಗೂ ಅಷ್ಟೇ. ನಟ್ಟನಡುವೆ, ಎರಡೂ ತೂತುಗಳಿಂದ ಕಾಲು ಸುತ್ತು ದೂರದಲ್ಲಿ, ಒಂದೊಂದರಿಂದ 62ರಂತೆ ಸುಮಾರು 125 ಪಾಲು. 100 ಮತ್ತು 39ರ ನಡುವಿನ ಅಂತರ 139 ಮತ್ತು 125ರ ನಡುವಿನ ಅಂತರಕ್ಕೆ ಇಳಿಯಿತು. ಒಂದು ಲಾಡಿಯ ಕುಂದು ಎಲ್ಲಿದೆಯೋ ಸರಿಯಾಗಿ ಅಲ್ಲೇ ಇನ್ನೊಂದರ ಬಲ ಬಂದು ಕೂರುತ್ತದೆ. ಬಾಯಿ ಪೂರ್ತಿ ದುಂಡಗಿದೆ, ಘರ್ಷಣೆ ಎಲ್ಲೆಡೆ ಒಂದೇ ಎಂದು ಊಹಿಸಿ ಮಾಡಿದ ಲೆಕ್ಕ ಇದು. ನಿಜವಾದ ಬಟ್ಟೆಯಲ್ಲಿ ಅಂಕಿ ಅಲುಗಾಡುತ್ತದೆ, ಹೋಲಿಕೆಯ ದಿಕ್ಕು ಬದಲಾಗುವುದಿಲ್ಲ. ಈ ಲೆಕ್ಕ ಬರೆದಿಟ್ಟು ಯಾರೂ ಚೀಲ ಹೊಲಿಯಲಿಲ್ಲ ಎಂಬುದು ನಿಜ. ಕೈ ಕಂಡುಕೊಂಡ ಉತ್ತರ ಎಷ್ಟು ನಿಖರವಾದದ್ದು ಎಂದು ಲೆಕ್ಕ ಆಮೇಲೆ ತೋರಿಸಿಕೊಡುತ್ತದೆ, ಮತ್ತು ಅದು ನನಗೆ ಬಹಳ ಗೌರವ ಹುಟ್ಟಿಸುವ ಸಂಗತಿ.

ಹಾಗಾದರೆ ನುಣುಪಾದ ಸ್ಯಾಟಿನ್ ರಿಬ್ಬನ್ ಹಾಕಿದರೆ ಎಲ್ಲ ತೊಂದರೆಯೂ ತೀರಿತಲ್ಲ ಎಂದು ಕೇಳಬಹುದು. ಬಾಯಿ ಸರಾಗವಾಗಿ ಮುಚ್ಚುತ್ತದೆ, ಅಷ್ಟೇ ಸರಾಗವಾಗಿ ತೆರೆದುಕೊಳ್ಳುತ್ತದೆ. ಹಿಂಡಿಟ್ಟ ನೆರಿಗೆಗಳು ಬಿಡಿಸಿಕೊಳ್ಳಲು ಹೊರಮುಖವಾಗಿ ತಳ್ಳುತ್ತಲೇ ಇರುತ್ತವೆ. ಕೈಬಿಟ್ಟ ಮೇಲೆ ಆ ತಳ್ಳಾಟವನ್ನು ತಡೆಯುವುದು ಮುಚ್ಚುವಾಗ ನಮ್ಮನ್ನು ಕಾಡಿದ ಅದೇ ಘರ್ಷಣೆ. ಹತ್ತಿ ಲಾಡಿ ಇದರಲ್ಲಿ ಸೊಗಸಾದ ಮಧ್ಯಮಾರ್ಗ. ಮಡಿಕೆಯ ಅಗಲ ಲಾಡಿಯ ದಪ್ಪದ ಎರಡರಷ್ಟಾದರೂ ಇರಬೇಕು, ಇಲ್ಲವಾದರೆ ಸುತ್ತಿನ ಒತ್ತಡದ ಜೊತೆಗೆ ಮಡಿಕೆಯ ಹಿಸುಕಾಟವೂ ಸೇರಿ ಲಾಡಿ ಕಚ್ಚಿಕೊಳ್ಳುತ್ತದೆ. ಲಾಡಿ ಹೊರಬರುವ ತೂತಿನ ಬಗ್ಗೆಯೂ ಒಂದು ಮಾತು. ಎಳೆತ ಅತಿ ಹೆಚ್ಚಿರುವುದು ಅಲ್ಲಿ, ಲಾಡಿ ಥಟ್ಟನೆ ಹೊರಕ್ಕೆ ತಿರುಗುವುದೂ ಅಲ್ಲೇ. ಆದ್ದರಿಂದ ಚೀಲದಲ್ಲಿ ಮೊದಲು ಹರಿಯುವ ಜಾಗ ಅದು. ಕಾಜಾ ಹಾಕಿ ಕಟ್ಟಿದರೆ ಅಥವಾ ಒಳಗೊಂದು ತುಂಡು ಬಟ್ಟೆ ಇಟ್ಟು ಹೊಲಿದರೆ ಚೀಲದ ಆಯುಸ್ಸು ಹೆಚ್ಚುತ್ತದೆ.

ಲಾಡಿಯ ತುದಿಗಳ ಗಂಟಿನಲ್ಲೂ ಆಯ್ಕೆ ಇದೆ. ಮೊದಲು ಬಲತುದಿಯನ್ನು ಎಡದ ಮೇಲೆ, ಆಮೇಲೆ ಎಡತುದಿಯನ್ನು ಬಲದ ಮೇಲೆ ಹಾಕಿ ಕಟ್ಟಿದ ಗಂಟು ನಿಲ್ಲುತ್ತದೆ. ಎರಡೂ ಸಲ ಒಂದೇ ಬದಿಯದನ್ನು ಮೇಲೆ ಹಾಕಿದ್ದು ಸಡಿಲಾಗುತ್ತದೆ. ಅಮೆರಿಕದ ಎಂಐಟಿ ಸಂಸ್ಥೆಯ ವಿಜ್ಞಾನಿಗಳು ಎಳೆತಕ್ಕೆ ಬಣ್ಣ ಬದಲಿಸುವ ಎಳೆಗಳಿಂದ ಗಂಟು ಹಾಕಿ 2020ರಲ್ಲಿ ಇದರ ಕಾರಣ ತೋರಿಸಿದರು: ನಿಲ್ಲುವ ಗಂಟಿನಲ್ಲಿ ಒಂದರ ಪಕ್ಕ ಒಂದಿರುವ ದಾಟುಗಳು ದಾರವನ್ನು ವಿರುದ್ಧ ದಿಕ್ಕುಗಳಿಗೆ ತಿರುಚಿ ಪರಸ್ಪರ ತಡೆಯುತ್ತವೆ.

ಗಂಟಿಲ್ಲದ ಕಸೂತಿ

ಚೀಲದ ಮೇಲಿನ ಅಲಂಕಾರ ಈ ವಾದಕ್ಕೆ ಹೊರಗಿನದು ಎನಿಸಬಹುದು. ನನಗೆ ಕಾಣುವಂತೆ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಅಲ್ಲೇ ಇದೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗಂಟು ಹಾಕುವುದೇ ಇಲ್ಲ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಹಾಸು ಹೊಕ್ಕಿನ ನೂಲುಗಳನ್ನು ಎಣಿಸುತ್ತ ಗೋಪುರ, ತೇರು, ಪಲ್ಲಕ್ಕಿ, ತುಳಸಿ ಕಟ್ಟೆ, ಆನೆ, ನವಿಲುಗಳನ್ನು ಮೂಡಿಸುತ್ತಾರೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ, ಮುರ್ಗಿಗಳು ಬಟ್ಟೆಯ ಎರಡೂ ಮುಖದಲ್ಲಿ ಒಂದೇ ರೀತಿ ಕಾಣುತ್ತವೆ. ಹಿಂಬದಿಯಲ್ಲಿ ಗಂಟು ಇದ್ದರೆ ಆ ಅಂದ ಕೆಡುತ್ತದೆ. ಇಳಕಲ್ ಸೀರೆಯ ಮೇಲೆ ಹೀಗೆ ಹಾಕಿದ ಕಸೂತಿ ಎಷ್ಟೋ ಒಗೆತಗಳನ್ನು ತಾಳಿ ಮಗಳ ಕೈಗೆ, ಮೊಮ್ಮಗಳ ಕೈಗೆ ದಾಟುತ್ತದೆ. ಗಂಟಿಲ್ಲದ ದಾರ ಹೇಗೆ ಉಳಿಯಿತು?

ಗವಂತಿಯನ್ನು ಹತ್ತಿರದಿಂದ ನೋಡಿ. ಸೂಜಿ ನಾಲ್ಕು ನೂಲು ಎಣಿಸಿ ಕೆಳಗಿಳಿಯುತ್ತದೆ, ಇನ್ನು ನಾಲ್ಕು ನೂಲು ಬಿಟ್ಟು ಮೇಲೆ ಬರುತ್ತದೆ. ಹೀಗೆ ಸಾಲಿನ ಕೊನೆ ಮುಟ್ಟುತ್ತದೆ. ಆಗ ಕಾಣುವುದು ಒಂದು ಬಿಟ್ಟು ಒಂದರಂತೆ ಅರ್ಧ ಗೆರೆ. ಸೂಜಿ ಅದೇ ದಾರಿಯಲ್ಲಿ, ಅದೇ ರಂಧ್ರಗಳಲ್ಲಿ ಹಿಂದಿರುಗುತ್ತ ಬಿಟ್ಟ ಜಾಗಗಳನ್ನು ತುಂಬುತ್ತದೆ. ಮುಗಿದಾಗ ಪ್ರತಿ ರಂಧ್ರದಲ್ಲೂ ದಾರ ಎರಡು ಸಲ ಹಾದಿರುತ್ತದೆ, ಒಂದನ್ನೊಂದು ಒತ್ತಿಕೊಂಡು. ಪ್ರತಿ ರಂಧ್ರದಲ್ಲಿ ದಾರ ಹೆಚ್ಚೆಂದರೆ ಅರ್ಧ ಸುತ್ತಿನಷ್ಟು ಬಾಗುತ್ತದೆ. ಹತ್ತು ರಂಧ್ರಕ್ಕೆ ಐದು ಸುತ್ತು. ಕಂಬದ ಲೆಕ್ಕ ಇಲ್ಲಿಗೆ ತಂದರೆ ಹನ್ನೆರಡು ಸಾವಿರ ಪಟ್ಟು ಹಿಡಿತ ಬರುತ್ತದೆ. ತೆಳು ಬಟ್ಟೆಯಲ್ಲಿ ಬಾಗು ಇದಕ್ಕಿಂತ ಕಡಿಮೆ, ಹಾಗಾಗಿ ಇನ್ನೊಂದಿಷ್ಟು ರಂಧ್ರ ಬೇಕಾಗುತ್ತದೆ.

ಇಲ್ಲೊಂದು ಗಟ್ಟಿ ಆಕ್ಷೇಪ ಇದೆ. ರೈತ ಹಗ್ಗದ ತುದಿಯನ್ನು ಸಡಿಲವಾಗಿಯಾದರೂ ಹಿಡಿದಿದ್ದ. ಕಸೂತಿ ದಾರದ ತುದಿಯನ್ನು ಯಾರೂ ಹಿಡಿದಿಲ್ಲ. ಸೊನ್ನೆಯನ್ನು ಹನ್ನೆರಡು ಸಾವಿರದಿಂದ ಗುಣಿಸಿದರೂ ಸೊನ್ನೆಯೇ. ಈ ಆಕ್ಷೇಪ ಸರಿಯಾದದ್ದು, ಅದಕ್ಕೆ ಉತ್ತರ ಬಟ್ಟೆಯಲ್ಲಿದೆ. ಸೂಜಿ ನೂಲುಗಳನ್ನು ಅತ್ತಿತ್ತ ಸರಿಸಿ ದಾರಿ ಮಾಡಿಕೊಂಡು ಹೋಗುತ್ತದೆ. ಸೂಜಿ ಹೋದ ಮೇಲೆ ನೂಲುಗಳು ಮತ್ತೆ ಹತ್ತಿರ ಬಂದು ದಾರವನ್ನು ಹಿಚುಕುತ್ತವೆ. ಆ ಹಿಚುಕು ಒಂದು ಗ್ರಾಂ ತೂಕದಷ್ಟೂ ಇರಲಾರದು, ಆದರೆ ಸೊನ್ನೆಯಲ್ಲ. ಗುಣಿಸಲು ಅಷ್ಟು ಸಾಕು. ಮೊದಲ ಒಗೆತದಲ್ಲಿ ಹತ್ತಿ ಬಟ್ಟೆ ಕುಗ್ಗಿ ಹಿಡಿತ ಇನ್ನಷ್ಟು ಬಲಿಯುತ್ತದೆ. ಈ ವಿವರಣೆ ನಿಜವಾದರೆ ಅದರಿಂದ ಒಂದು ಎಚ್ಚರಿಕೆಯೂ ಹೊರಡಬೇಕು: ಮೊನೆ ಚೂಪಾದ ಸೂಜಿ ನೂಲನ್ನು ಸರಿಸುವ ಬದಲು ಸೀಳಿದರೆ, ಒಂದೇ ಗೆರೆಯಲ್ಲಿ ಒತ್ತೊತ್ತಾಗಿ ಚುಚ್ಚಿದರೆ, ಹಿಚುಕುವ ನೂಲುಗಳೇ ಕೆಟ್ಟು ಬಟ್ಟೆ ಆ ಗೆರೆಗುಂಟ ಹರಿಯಬೇಕು. ಹಾಗೆಯೇ ಆಗುತ್ತದೆ ಕೂಡ. ನೂಲು ಎಣಿಸಿ ಹೊಲಿಯುವ ಕೆಲಸಕ್ಕೆ ಮೊಂಡು ಮೊನೆಯ ಸೂಜಿ ಹೇಳಿ ಮಾಡಿಸಿದಂತಿರುವುದು ಇದಕ್ಕೇ. ಅಂಟಿಸಿದ ಚಮಕಿ, ಮಣಿಗಳು ನೀರು ಬಿಸಿಲಿಗೆ ಉದುರಿಹೋಗುವಾಗ ಹೊಲಿದವು ಉಳಿಯುವುದಕ್ಕೂ ಕಾರಣ ಹೊರಗೆ ಹುಡುಕಬೇಕಿಲ್ಲ.

ನೈಲಾನ್, ಬೆಸುಗೆ ಮತ್ತು ಸವೆತ

ನೈಲಾನ್, ಪಾಲಿಯೆಸ್ಟರ್ ಎಳೆಗಳು ಮೈಲುಗಟ್ಟಲೆ ಉದ್ದ ಇರುತ್ತವಲ್ಲ, ಅಲ್ಲಿ ಈ ವಾದ ಬಿದ್ದುಹೋಗುವುದಿಲ್ಲವೇ? ನೂಲಿನ ಮಟ್ಟದಲ್ಲಿ ಹೌದು, ಅಲ್ಲಿ ಹುರಿಯ ಅಗತ್ಯ ಬಹಳ ಕಡಿಮೆ. ಆದರೆ ನೂಲಿನಿಂದ ಮೇಲೆ, ನೇಯ್ಗೆ, ಹೊಲಿಗೆ, ಗಂಟುಗಳಲ್ಲಿ ಘರ್ಷಣೆಯ ಅಗತ್ಯ ಹಾಗೇ ಉಳಿಯುತ್ತದೆ. ನುಣುಪು ಎಳೆ ಅದನ್ನು ಸಾಕಷ್ಟು ಪೂರೈಸಲಾರದು. ರೇಷ್ಮೆ ರವಿಕೆಯಲ್ಲಿ ಹೊಲಿಗೆ ಗಟ್ಟಿಯಾಗಿದ್ದರೂ ಅದರ ಪಕ್ಕದ ನೂಲುಗಳು ಸರಿದು ಬಟ್ಟೆ ಬಾಯಿಬಿಡುವುದನ್ನು ದರ್ಜಿಗಳೆಲ್ಲ ಬಲ್ಲರು. ರೇಷ್ಮೆಯೂ ಉದ್ದ, ನುಣುಪು ಎಳೆಯೇ. ನೈಲಾನ್ ಹಗ್ಗದ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ ಬಿಡುವುದು ಘರ್ಷಣೆ ಕೈಕೊಟ್ಟಲ್ಲಿ ಬೆಸುಗೆಯ ಮೊರೆ ಹೋಗುವ ಕ್ರಮ. ಬೆಸೆದ ಚೀಲಗಳೂ ಇವೆ, ಬಟ್ಟೆ ಅಂಗಡಿಯಲ್ಲಿ ಕೊಡುವ ನೇಯದ ಬಟ್ಟೆಯ ಚೀಲಗಳು. ಅವುಗಳ ಹಿಡಿ ಬೆಸೆದ ಜಾಗದ ಅಂಚಿನಿಂದಲೇ ಕಿತ್ತುಬರುತ್ತದೆ. ಬೆಸುಗೆ ಒಂಚೂರೂ ಜಾರುವುದಿಲ್ಲ, ಭಾರವೆಲ್ಲ ಅದರ ತುದಿಗೇ ಬೀಳುತ್ತದೆ. ಹೊಲಿಗೆಯಲ್ಲಿ ಹೆಚ್ಚು ಎಳೆತ ಬಿದ್ದ ದಾರ ಕೂದಲೆಳೆಯಷ್ಟು ಜಾರಿ ತನ್ನ ಭಾರವನ್ನು ಪಕ್ಕದ ಹೊಲಿಗೆಗಳಿಗೆ ಹಂಚುತ್ತದೆ. ಘರ್ಷಣೆ ಹಿಡಿಯುತ್ತದೆ ಎಂಬುದು ಎಷ್ಟು ಮುಖ್ಯವೋ, ಸ್ವಲ್ಪ ಬಿಟ್ಟುಕೊಡುತ್ತದೆ ಎಂಬುದೂ ಅಷ್ಟೇ ಮುಖ್ಯ.

ಇನ್ನು ಒದ್ದೆ. ನೀರು ಹೀರಿದ ಹತ್ತಿಯ ಎಳೆ ಉಬ್ಬುತ್ತದೆ, ಒಣಗಿದ್ದಾಗಿನದಕ್ಕಿಂತ ಹೆಚ್ಚು ಗಟ್ಟಿಯಾಗುತ್ತದೆ. ರೇಯಾನ್ ಇದಕ್ಕೆ ತದ್ವಿರುದ್ಧ, ಒದ್ದೆಯಾದರೆ ಬಲ ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಒದ್ದೆ ಬಟ್ಟೆಯನ್ನು ತುಂಬುವ ಚೀಲಕ್ಕೆ ಹತ್ತಿಯೇ ಸರಿ ಎನ್ನಲು ಈ ಒಂದು ಕಾರಣ ಸಾಕು. ಒದ್ದೆ ಲಾಡಿಯ ಗಂಟು ಬಿಚ್ಚಲು ಹಲ್ಲು ಬಳಸಬೇಕಾಗುವುದೂ ಎಳೆ ಉಬ್ಬಿದ್ದರಿಂದ.

ಪ್ರತಿ ಒಗೆತದಲ್ಲೂ ಒಂದಿಷ್ಟು ಎಳೆಗಳು ಹಿಡಿತ ತಪ್ಪಿ ಹೊರಬರುತ್ತವೆ. ವಾಷಿಂಗ್ ಮೆಶಿನ್ನಿನ ಜಾಲರಿಯಲ್ಲಿ ಸಿಗುವ ಹಂಜಿಯಂಥ ಬೂದು ಮುದ್ದೆ ಅವುಗಳದ್ದೇ. ಬಟ್ಟೆ ತೆಳುವಾಗುವುದೆಂದರೆ ನೂಲೊಳಗಿನ ಎಳೆಗಳ ಸಂಖ್ಯೆ, ಅವುಗಳ ಪರಸ್ಪರ ಒತ್ತಡ ಎರಡೂ ಇಳಿಯುವುದು. ಇಂಥ ಹಳೆಯ ಪಂಚೆಯಿಂದ ಹೊಲಿದ ಚೀಲದ ತಳಕ್ಕೆ ಗಟ್ಟಿಯಾದ ಹೊಸ ಬಟ್ಟೆಯ ತೇಪೆ ಹಾಕಿ ಅಂಚಿನಲ್ಲಷ್ಟೇ ಹೊಲಿದರೆ, ತೇಪೆ ಉಳಿದು ಅದರ ಸುತ್ತಲಿನ ಹಳೆಯ ಬಟ್ಟೆ ಹರಿಯುತ್ತದೆ. ಭಾರವೆಲ್ಲ ಒಂದೇ ಸಾಲು ಹೊಲಿಗೆಯ ಮೇಲೆ, ಹಿಡಿತ ಕಳೆದುಕೊಂಡ ನೂಲುಗಳ ಮೇಲೆ ಬೀಳುತ್ತದೆ. ಕೌದಿ ಹೊಲಿಯುವವರ ಕ್ರಮ ಇಲ್ಲಿ ಮೇಲು. ಹಳೆಯದರ ಮೇಲೆ ಹಳೆಯದನ್ನೇ ಎರಡು ಮೂರು ಪದರ ಇಟ್ಟು, ಬೆರಳಗಲಕ್ಕೊಂದರಂತೆ ತಳದ ತುಂಬ ಸಾಲು ಹೊಲಿಗೆ ಹಾಕಬೇಕು. ಒಂದೊಂದು ಹೊಲಿಗೆಯ ಪಾಲಿಗೆ ಬರುವ ಭಾರ ಕೆಲವೇ ಗ್ರಾಂಗೆ ಇಳಿಯುತ್ತದೆ, ಸವೆದ ನೂಲು ಅಷ್ಟನ್ನು ಇನ್ನೂ ಹಲವು ವರ್ಷ ಹಿಡಿಯಬಲ್ಲದು.